ಚಿನ್ನದ ಮೀನಿನ ಕಾಯಿಲೆ

ಮನುಷ್ಯನಿಗೆ ಕಾಯಿಲೆಯಾದರೆ ನೋವು ಎಲ್ಲಿದೆಯೆಂದು ಬಾಯಿಬಿಟ್ಟು ಹೇಳುತ್ತಾನೆ. ಹಸು ಮೇವು ಬಿಟ್ಟರೆ ಮನೆಯವರಿಗೆ ಕೂಡಲೇ ತಿಳಿಯುತ್ತದೆ. ಹಿತ್ತಿಲಿನ ತೊಟ್ಟಿಯಲ್ಲಿರುವ ಚಿನ್ನದ ಮೀನಾದರೋ ಮೂಕಪ್ರಾಣಿಗಳಲ್ಲಿಯೂ ಮೂಕವಾದುದು. ನಿನ್ನೆ ಸಂಜೆ ಚುರುಕಾಗಿ ಈಜಾಡುತ್ತಿದ್ದ ಮೀನು ಇಂದು ಬೆಳಗ್ಗೆ ನೀರಿನ ಮೇಲ್ಮೈಗೆ ಬಂದು ಬಾಯಿ ತೆರೆದು ಮುಚ್ಚುತ್ತ ನಿಂತಿರುತ್ತದೆ. ಗಾಬರಿಗೊಂಡ ಮನೆಯವರು ಅಂಗಡಿಯಿಂದ ಯಾವುದೋ ಬಣ್ಣದ ಔಷಧವನ್ನು ತಂದು ನೀರಿಗೆ ಸುರಿಯುತ್ತಾರೆ. ಮರುದಿನ ಮೀನು ಸತ್ತು ತೇಲಿದರೆ ಅದು ರೋಗದಿಂದ ಸತ್ತಿತೋ ಔಷಧದಿಂದ ಸತ್ತಿತೋ ಹೇಳುವವರಿಲ್ಲ.

ಆದರೆ ಈ ಮೂಕ ರೋಗಿಯ ನಾಡಿಯನ್ನು ಹಿಡಿಯಲು ಮಾರ್ಗವಿಲ್ಲದಿಲ್ಲ. ಅದಕ್ಕೆ ಬೇಕಾದುದು ಒಂದು ಉಷ್ಣಮಾಪಕ, ಒಂದು ಅಳತೆಪಟ್ಟಿ, ನೀರನ್ನು ಪರೀಕ್ಷಿಸುವ ಕೆಲವು ರಾಸಾಯನಿಕಗಳು ಮತ್ತು ಶಾಲೆಯಲ್ಲಿ ಕಲಿತ ಭೌತ, ರಸಾಯನ ಶಾಸ್ತ್ರಗಳ ನೆನಪು. ಚೀನದಲ್ಲಿ ಸಾವಿರ ವರ್ಷಗಳಿಗೂ ಹಿಂದೆ ಕೊಳಗಳಲ್ಲಿ ಸಾಕತೊಡಗಿದ ಈ ಮೀನು ಇಂದು ಲೋಕದ ಮನೆಮನೆಗಳಿಗೂ ಬಂದಿದೆ. ಅದನ್ನು ಉಳಿಸುವ ವಿಧಾನವನ್ನು ಈ ಲೇಖನದಲ್ಲಿ ವಿಚಾರಮಾಡೋಣ.

ಮೊದಲ ಪ್ರಶ್ನೆ

ನೀರು ಮೀನಿಗೆ ಮನೆ. ಅದೇ ಅದರ ಉಸಿರು. ಅದೇ ಅದರ ಚರಂಡಿಯೂ ಹೌದು. ನಾವು ಒಂದು ಕೋಣೆಯಲ್ಲಿ ಬಾಗಿಲು ಕಿಟಕಿಗಳನ್ನು ಮುಚ್ಚಿಕೊಂಡು, ಅಲ್ಲಿಯೇ ಉಂಡು, ಅಲ್ಲಿಯೇ ಮಲಮೂತ್ರಗಳನ್ನು ವಿಸರ್ಜಿಸಿ ಬದುಕಬೇಕಾದರೆ ನಮ್ಮ ಗತಿಯೇನು? ತೊಟ್ಟಿಯ ಮೀನಿನ ಗತಿಯೂ ಅದೇ. ಆದುದರಿಂದ ಮೀನನ್ನು ಪರೀಕ್ಷಿಸುವ ಮುನ್ನ ನೀರನ್ನು ಪರೀಕ್ಷಿಸಬೇಕೆಂಬುದೇ ಮೊದಲ ನಿಯಮ.

ಇದಕ್ಕೆ ಒಂದು ಸರಳವಾದ ಪ್ರಶ್ನೆಯಿಂದ ಆರಂಭಿಸಬಹುದು. ಕಾಯಿಲೆ ಬಿದ್ದಿರುವುದು ಒಂದು ಮೀನೋ, ಎಲ್ಲ ಮೀನುಗಳೋ? ಎಲ್ಲವೂ ಒಮ್ಮೆಗೇ ಸಂಕಟಪಡುತ್ತಿದ್ದರೆ ದೋಷವು ಬಹುಮಟ್ಟಿಗೆ ನೀರಿನಲ್ಲಿದೆ. ಒಂದು ಮೀನು ಮಾತ್ರ ಸೊರಗಿ, ಉಳಿದವು ಲವಲವಿಕೆಯಿಂದಿದ್ದರೆ ದೋಷವು ಆ ಮೀನಿನ ದೇಹದಲ್ಲಿರುವ ಸಂಭವ ಹೆಚ್ಚು. ಎರಡನೆಯ ಪ್ರಶ್ನೆ, ಸಂಕಟವು ದಿನದ ಯಾವ ಹೊತ್ತಿನಲ್ಲಿ ಹೆಚ್ಚು? ಇದರ ಉತ್ತರವು ನಮ್ಮನ್ನು ನೇರವಾಗಿ ಆಮ್ಲಜನಕದ ಬಳಿಗೆ ಕೊಂಡೊಯ್ಯುತ್ತದೆ.

ನೀರಿನ ಉಸಿರು

ಇಪ್ಪತ್ತೈದು ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ ಒಂದು ಲೀಟರು ಗಾಳಿಯಲ್ಲಿ ಸುಮಾರು ೨೭೦ ಮಿಲಿಗ್ರಾಂ ಆಮ್ಲಜನಕವಿರುತ್ತದೆ. ಸಮುದ್ರಮಟ್ಟದಲ್ಲಿ ಅದೇ ಉಷ್ಣತೆಯ ಒಂದು ಲೀಟರು ನೀರು ಕರಗಿಸಿಕೊಳ್ಳಬಲ್ಲ ಆಮ್ಲಜನಕವು ಸುಮಾರು ೮.೩ ಮಿಲಿಗ್ರಾಂ ಮಾತ್ರ. ಎಂದರೆ ನಮಗೆ ದೊರೆಯುವುದರ ಮೂವತ್ತನೆಯ ಒಂದು ಭಾಗಕ್ಕಿಂತಲೂ ಕಡಿಮೆ. ನೀರು ಬಿಸಿಯಾದಷ್ಟೂ ಈ ಪ್ರಮಾಣ ಇಳಿಯುತ್ತದೆ. ೧೦ ಡಿಗ್ರಿಯಲ್ಲಿ ೧೧.೩ ಮಿಲಿಗ್ರಾಂ ಇದ್ದುದು ೩೦ ಡಿಗ್ರಿಯಲ್ಲಿ ೭.೬ಕ್ಕೆ ಬರುತ್ತದೆ. ವಾಯುಭಾರ ಕಡಿಮೆಯಾದರೂ ಇಳಿಯುತ್ತದೆ. ಸಮುದ್ರಮಟ್ಟದಿಂದ ಸುಮಾರು ೯೨೦ ಮೀಟರು ಎತ್ತರದಲ್ಲಿರುವ ಬೆಂಗಳೂರಿನಲ್ಲಿ ವಾಯುಭಾರವು ಕರಾವಳಿಯದರ ಶೇಕಡ ೯೦ರಷ್ಟು. ಆದುದರಿಂದ ಅಲ್ಲಿ ೨೫ ಡಿಗ್ರಿಯ ನೀರಿಗೆ ದಕ್ಕುವುದು ಸುಮಾರು ೭.೪ ಮಿಲಿಗ್ರಾಂ. ಬೇಸಿಗೆಯಲ್ಲಿ ಮೀನಿನ ದೇಹಕ್ಕೆ ಆಮ್ಲಜನಕ ಹೆಚ್ಚು ಬೇಕು; ನೀರಿನಲ್ಲಿ ಇರುವುದಾದರೋ ಕಡಿಮೆ. ಆಯ ಕುಗ್ಗಿ ವ್ಯಯ ಹಿಗ್ಗಿದ ಸಂಸಾರದ ಸ್ಥಿತಿ ಇದು.

ತೊಟ್ಟಿಯಲ್ಲಿ ಹಸುರು ಪಾಚಿ ದಟ್ಟವಾಗಿದ್ದರೆ ತೊಡಕು ಇನ್ನೂ ಹೆಚ್ಚುತ್ತದೆ. ಹಗಲಿನಲ್ಲಿ ಪಾಚಿಯು ಬಿಸಿಲಿನ ನೆರವಿನಿಂದ ಆಮ್ಲಜನಕವನ್ನು ಬಿಡುಗಡೆ ಮಾಡುತ್ತದೆ. ಕತ್ತಲಾದೊಡನೆ ಆ ಉತ್ಪಾದನೆ ನಿಂತು, ಪಾಚಿಯೂ ಮೀನಿನಂತೆಯೇ ಆಮ್ಲಜನಕವನ್ನು ಬಳಸತೊಡಗುತ್ತದೆ. ಆದುದರಿಂದ ಸೂರ್ಯೋದಯಕ್ಕೆ ಮುಂಚಿನ ಹೊತ್ತೇ ಮೀನಿಗೆ ಅತ್ಯಂತ ಕಷ್ಟದ ಹೊತ್ತು. ಬೆಳಗಿನ ಜಾವ ಮೇಲ್ಮೈಯಲ್ಲಿ ಬಾಯಿ ಬಿಡುತ್ತಿದ್ದ ಮೀನುಗಳು ಮಧ್ಯಾಹ್ನಕ್ಕೆ ಸರಿಹೋದರೆ ರೋಗವೇನೆಂಬುದು ಸ್ಪಷ್ಟ. ಅವಕ್ಕೆ ಬೇಕಾದುದು ಔಷಧವಲ್ಲ, ಉಸಿರು.

ಮೇಲ್ಮೈಯಲ್ಲಿ ಗಾಳಿಯಿದೆಯಷ್ಟೆ, ಅದರಿಂದ ಆಮ್ಲಜನಕವು ತಾನಾಗಿಯೇ ಕೆಳಕ್ಕೆ ಇಳಿಯಲಾರದೆ ಎಂದು ವಾಚಕರು ಕೇಳಬಹುದು. ಇಳಿಯುತ್ತದೆ, ಆದರೆ ಅತಿ ನಿಧಾನವಾಗಿ. ಸ್ವಲ್ಪವೂ ಅಲುಗಾಡದ ನೀರಿನಲ್ಲಿ ಕೇವಲ ವಿಸರಣದಿಂದ ಹತ್ತು ಸೆಂಟಿಮೀಟರು ಆಳಕ್ಕೆ ತಲಪಬೇಕಾದರೆ ಅದಕ್ಕೆ ಕೆಲವು ವಾರಗಳೇ ಹಿಡಿಯುತ್ತವೆ. ನೀರನ್ನು ಕಲಕಿದರೆ ಮೇಲಿನ ಪದರವು ಕೆಳಕ್ಕೂ ಕೆಳಗಿನದು ಮೇಲಕ್ಕೂ ಬಂದು ಕೆಲಸವು ನಿಮಿಷಗಳಲ್ಲಿ ಸಾಗುತ್ತದೆ. ಗಾಳಿಯ ಪಂಪು ಮಾಡುವ ಉಪಕಾರದಲ್ಲಿಯೂ ಹೆಚ್ಚಿನ ಪಾಲು ಗುಳ್ಳೆಗಳದಲ್ಲ, ಆ ಗುಳ್ಳೆಗಳು ನೀರನ್ನು ಮೇಲಕ್ಕೆಳೆದು ಕಲಕುವುದರದು. ಪಂಪು ಇಲ್ಲದಿದ್ದರೆ ತಂಬಿಗೆಯಲ್ಲಿ ತೊಟ್ಟಿಯ ನೀರನ್ನೇ ಎತ್ತಿ ಒಂದೆರಡು ಅಡಿ ಮೇಲಿನಿಂದ ಸುರಿಯುತ್ತಿದ್ದರೂ ಸಾಕು, ಪ್ರಥಮ ಚಿಕಿತ್ಸೆಯಾಗುತ್ತದೆ.

ಚಿನ್ನದ ಮೀನಿಗೆ ಒಂದು ವಿಚಿತ್ರ ಶಕ್ತಿಯಿದೆ. ಆಮ್ಲಜನಕವಿಲ್ಲದೆ ಬದುಕುವಾಗ ಅದು ಮದ್ಯಸಾರವನ್ನು ಉತ್ಪಾದಿಸಿ ನೀರಿಗೆ ಬಿಡುತ್ತದೆಂಬುದನ್ನು ೧೯೮೦ರಲ್ಲಿ ಕೆನಡಾದ ವಿಜ್ಞಾನಿಗಳಾದ ಶೂಬ್ರಿಜ್ ಮತ್ತು ಹೊಚಾಚ್ಕ ಪ್ರಕಟಿಸಿದರು. ಆದರೆ ಇದು ತಣ್ಣನೆಯ ನೀರಿನಲ್ಲಿ ಕೆಲಸಕ್ಕೆ ಬರುವ ಉಪಾಯ. ನಮ್ಮ ಬೇಸಿಗೆಯಲ್ಲಿ ಇದನ್ನು ನೆಚ್ಚಿಕೊಂಡು ಸುಮ್ಮನಿರುವಂತಿಲ್ಲ.

ಕಾಣದ ವಿಷ

ನೀರನ್ನು ಕಲಕಿದರೂ ಸಂಕಟವು ಹಗಲಿರುಳೂ ಮುಂದುವರಿದರೆ ಅಮೋನಿಯವನ್ನು ಸಂಶಯಿಸಬೇಕು. ಮೀನು ತನ್ನ ಕಿವಿರುಗಳ ಮೂಲಕ ಅಮೋನಿಯವನ್ನು ಹೊರಹಾಕುತ್ತದೆ. ತಿನ್ನದೆ ಉಳಿದ ಆಹಾರವೂ ಕೊಳೆತು ಅದನ್ನೇ ಕೊಡುತ್ತದೆ. ಹಳೆಯ ತೊಟ್ಟಿಯ ಗೋಡೆ, ಕಲ್ಲು, ಜಲ್ಲಿಗಳ ಮೇಲೆ ನೆಲಸಿರುವ ಬ್ಯಾಕ್ಟೀರಿಯಗಳು ಅಮೋನಿಯವನ್ನು ನೈಟ್ರೈಟಾಗಿಯೂ, ಬೇರೆ ಕೆಲವು ನೈಟ್ರೈಟನ್ನು ನೈಟ್ರೇಟಾಗಿಯೂ ಮಾರ್ಪಡಿಸುತ್ತವೆ. ಮೊದಲೆರಡು ವಿಷ, ಮೂರನೆಯದು ಹೆಚ್ಚು ಅಪಾಯಕಾರಿಯಲ್ಲ. ೧೮೯೦ರ ಸುಮಾರಿಗೆ ಈ ಬ್ಯಾಕ್ಟೀರಿಯಗಳನ್ನು ಬೇರ್ಪಡಿಸಿ ತೋರಿಸಿದವನು ರಷ್ಯದ ವಿನೊಗ್ರಾಡ್‌ಸ್ಕಿ. ಹೊಸ ತೊಟ್ಟಿಯಲ್ಲಿ ಈ ಜಾಡಮಾಲಿಗಳು ಇನ್ನೂ ನೆಲೆಸಿರುವುದಿಲ್ಲ. ಹಳೆಯ ತೊಟ್ಟಿಯನ್ನು ಅತಿ ಶುಚಿಯ ಹುರುಪಿನಿಂದ ಉಜ್ಜಿ ತೊಳೆದರೂ ಅವು ನಾಶವಾಗುತ್ತವೆ.

ಅಮೋನಿಯದ ವಿಷವು ನೀರಿನ ಕ್ಷಾರತೆಯನ್ನು ಅವಲಂಬಿಸಿದೆ. ನೀರಿನಲ್ಲಿ ಅದು ಎರಡು ರೂಪಗಳಲ್ಲಿರುತ್ತದೆ. ವಿದ್ಯುದಂಶವಿಲ್ಲದ ರೂಪವೇ ಕಿವಿರುಗಳನ್ನು ದಾಟಿ ರಕ್ತವನ್ನು ಸೇರುವ ಘೋರವಾದ ರೂಪ. ೨೫ ಡಿಗ್ರಿ ಉಷ್ಣತೆಯಲ್ಲಿ ಪಿ.ಎಚ್. ಮೌಲ್ಯ ೭ ಆಗಿದ್ದರೆ ಸಾವಿರದಲ್ಲಿ ಸುಮಾರು ೬ ಪಾಲು, ೮ ಆಗಿದ್ದರೆ ಸುಮಾರು ೫೪ ಪಾಲು, ೯ ಆಗಿದ್ದರೆ ಸುಮಾರು ೩೬೦ ಪಾಲು ಈ ರೂಪದಲ್ಲಿರುತ್ತದೆ. ಹೊಸ ಸಿಮೆಂಟು ತೊಟ್ಟಿಯಲ್ಲಿ ಮೀನುಗಳು ಸಾಲಾಗಿ ಸಾಯುವ ಗುಟ್ಟು ಇಲ್ಲಿದೆ. ಸಿಮೆಂಟಿನಿಂದ ಸುಣ್ಣವು ಒಸರಿ ನೀರು ಕ್ಷಾರವಾಗುತ್ತದೆ, ಬ್ಯಾಕ್ಟೀರಿಯಗಳೂ ಇರುವುದಿಲ್ಲ. ಆದುದರಿಂದ ಹೊಸ ತೊಟ್ಟಿಯನ್ನು ಕೆಲವು ವಾರಗಳ ಕಾಲ ಹಲವು ಬಾರಿ ತುಂಬಿಸಿ ಬರಿದುಮಾಡಿದ ಮೇಲೆಯೇ ಮೀನನ್ನು ಬಿಡತಕ್ಕದ್ದು.

ಅಮೋನಿಯ, ನೈಟ್ರೈಟುಗಳನ್ನು ಗುರುತಿಸುವ ಪರೀಕ್ಷಾದ್ರವಗಳು ಮೀನಿನ ಅಂಗಡಿಗಳಲ್ಲಿ ದೊರೆಯುತ್ತವೆ. ಇವೆರಡರಲ್ಲಿ ಯಾವುದು ಕಂಡರೂ ಆಹಾರವನ್ನು ನಿಲ್ಲಿಸಿ, ನೀರಿನ ಕಾಲುಭಾಗದಿಂದ ಮೂರನೆಯ ಒಂದು ಭಾಗದವರೆಗೆ ಬದಲಾಯಿಸಬೇಕು. ಹೊಸ ನೀರಿನ ಉಷ್ಣತೆಯು ಹಳೆಯದಕ್ಕೆ ಸಮೀಪವಾಗಿರಬೇಕು. ನಲ್ಲಿಯ ನೀರಾದರೆ ಅದರಲ್ಲಿರುವ ಕ್ಲೋರಿನ್ ಕಿವಿರುಗಳನ್ನು ಸುಡುತ್ತದೆ. ಒಂದೆರಡು ದಿನ ತೆರೆದ ಪಾತ್ರೆಯಲ್ಲಿ ಇಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ. ಅವಸರವಿದ್ದರೆ ಸೋಡಿಯಂ ಥಯೋಸಲ್ಫೇಟಿನಿಂದ ಅದನ್ನು ನಿವಾರಿಸಬಹುದು.

ಬಿಳಿಯ ಚುಕ್ಕೆಗಳು

ನೀರು ನಿರ್ದೋಷವೆಂದು ಖಚಿತವಾದ ಮೇಲೆ ಮೀನಿನ ಮೈಯನ್ನು ನೋಡಬೇಕು. ರವೆಯ ಕಾಳಿನಂತಹ ಬಿಳಿಯ ಚುಕ್ಕೆಗಳು ಮೈಮೇಲೂ ರೆಕ್ಕೆಗಳ ಮೇಲೂ ಚದುರಿದ್ದು, ಮೀನು ಕಲ್ಲಿಗೆ ಮೈಯುಜ್ಜುತ್ತಿದ್ದರೆ ಅದು ಬಿಳಿಚುಕ್ಕೆ ರೋಗ. ಆದರೆ ಒಂದು ಎಚ್ಚರಿಕೆ: ಚುಕ್ಕೆಗಳು ಕಿವಿರಿನ ಮುಚ್ಚಳದ ಮೇಲೆ ಮತ್ತು ಎದೆಯ ರೆಕ್ಕೆಯ ಮುಂದಿನ ಅಂಚಿನಲ್ಲಿ ಮಾತ್ರ ಸಾಲಾಗಿದ್ದು, ಮೀನು ಆರೋಗ್ಯವಾಗಿದ್ದರೆ ಅದು ರೋಗವಲ್ಲ, ಗಂಡುಮೀನಿಗೆ ಸಂತಾನಕಾಲದಲ್ಲಿ ಮೂಡುವ ಗುರುತು. ಪ್ರಾಯಕ್ಕೆ ಬಂದುದಕ್ಕಾಗಿ ಆ ಮೀನಿಗೆ ಔಷಧ ಕುಡಿಸುವುದು ನ್ಯಾಯವಲ್ಲ.

ಬಿಳಿಚುಕ್ಕೆಗೆ ಕಾರಣ ಇಕ್ತಿಯೊಫ್ತಿರಿಯಸ್ ಎಂಬ ಏಕಕೋಶದ ಪರಾವಲಂಬಿ. ಅದು ಮೀನಿನ ಚರ್ಮದೊಳಗೆ ಬೆಳೆದು, ಬಲಿತ ಮೇಲೆ ಕಳಚಿ ತಳಕ್ಕೆ ಬಿದ್ದು, ಕೋಶವನ್ನು ಕಟ್ಟಿಕೊಂಡು, ಒಡೆದು ನೂರಾರು ಮರಿಗಳಾಗುತ್ತದೆ. ಮರಿಗಳು ಈಜುತ್ತ ಹೊಸ ಮೀನನ್ನು ಹುಡುಕುತ್ತವೆ. ಎರಡು ಮೂರು ದಿನಗಳಲ್ಲಿ ಮೀನು ಸಿಕ್ಕದಿದ್ದರೆ ಸಾಯುತ್ತವೆ. ಚರ್ಮದೊಳಗಿರುವಾಗಲೂ ಕೋಶದೊಳಗಿರುವಾಗಲೂ ಔಷಧ ಅದಕ್ಕೆ ತಾಕದು. ಈಜುವ ಮರಿಯ ಅವಸ್ಥೆಯಲ್ಲಿ ಮಾತ್ರ ಅದನ್ನು ಕೊಲ್ಲಬಹುದು. ಚುಕ್ಕೆಗಳು ಮಾಯವಾದವೆಂದು ಮೂರನೆಯ ದಿನವೇ ಚಿಕಿತ್ಸೆಯನ್ನು ನಿಲ್ಲಿಸುವವರು ಮೋಸಹೋಗುವುದು ಇಲ್ಲಿಯೇ. ಚುಕ್ಕೆ ಮಾಯವಾಯಿತೆಂದರೆ ಶತ್ರು ತಳಕ್ಕಿಳಿದು ತನ್ನ ಸೈನ್ಯವನ್ನು ಬೆಳೆಸುತ್ತಿರಬಹುದು. ಬೆಚ್ಚನೆಯ ನೀರಿನಲ್ಲಿ ಈ ಜೀವನಚಕ್ರವು ಒಂದು ವಾರದೊಳಗೆ ಮುಗಿಯುತ್ತದೆ. ತಣ್ಣೀರಿನಲ್ಲಿ ಹಲವು ವಾರ ಹಿಡಿಯುತ್ತದೆ. ಚಿಕಿತ್ಸೆಯು ಎರಡು ವಾರವಾದರೂ ನಡೆಯಬೇಕು.

ಉಪ್ಪಿನ ಲೆಕ್ಕ

ಈ ರೋಗಕ್ಕೆ ಅಡಿಗೆಮನೆಯ ಉಪ್ಪೇ ಒಳ್ಳೆಯ ಔಷಧ. ಲೀಟರಿಗೆ ೩ ಗ್ರಾಂ ಪ್ರಮಾಣವನ್ನು ಚಿನ್ನದ ಮೀನು ತಾಳಿಕೊಳ್ಳುತ್ತದೆ. ಈ ಪ್ರಮಾಣವು ಇನ್ನೊಂದು ಉಪಕಾರವನ್ನೂ ಮಾಡುತ್ತದೆ. ಸಿಹಿನೀರಿನ ಮೀನಿನ ರಕ್ತವು ಹೊರಗಿನ ನೀರಿಗಿಂತ ಹೆಚ್ಚು ಲವಣಯುಕ್ತವಾದುದರಿಂದ ಅಭಿಸರಣದ ನಿಯಮದಂತೆ ನೀರು ಸದಾ ಅದರ ದೇಹದೊಳಕ್ಕೆ ನುಗ್ಗುತ್ತಿರುತ್ತದೆ. ಮೂತ್ರಪಿಂಡಗಳು ಬಿಡುವಿಲ್ಲದೆ ಅದನ್ನು ಹೊರಹಾಕುತ್ತಿರುತ್ತವೆ. ಚರ್ಮವು ಗಾಯಗೊಂಡರೆ ಈ ಹೊರೆ ಹೆಚ್ಚುತ್ತದೆ. ಹೊರಗಿನ ನೀರಿಗೆ ಉಪ್ಪು ಬೆರೆಸಿದಾಗ ಒಳಹೊರಗಿನ ಅಂತರ ತಗ್ಗಿ, ರೋಗಿಗೆ ವಿಶ್ರಾಂತಿ ದೊರೆಯುತ್ತದೆ. ನೈಟ್ರೈಟು ರಕ್ತವನ್ನು ಸೇರುವುದನ್ನೂ ಉಪ್ಪಿನ ಕ್ಲೋರೈಡು ತಡೆಯುತ್ತದೆ.

ಆದರೆ ಕಣ್ಣಂದಾಜಿನಿಂದ ಸುರಿಯಬಾರದು. ತೊಟ್ಟಿಯು ೨ ಮೀಟರು ಉದ್ದ, ೧.೫ ಮೀಟರು ಅಗಲವಾಗಿದ್ದು ನೀರಿನ ಆಳ ೦.೬ ಮೀಟರಾದರೆ, ಗಾತ್ರವು ೧.೮ ಘನಮೀಟರು, ಎಂದರೆ ೧,೮೦೦ ಲೀಟರು. ಬೇಕಾದ ಉಪ್ಪು ೫,೪೦೦ ಗ್ರಾಂ. ತೊಟ್ಟಿಯ ಆಕಾರವು ವಕ್ರವಾಗಿದ್ದರೆ ನಲ್ಲಿಯಿಂದ ೧೫ ಲೀಟರಿನ ಬಕೆಟ್ಟು ತುಂಬುವ ಕಾಲವನ್ನು ಅಳೆದು, ತೊಟ್ಟಿ ತುಂಬುವ ಕಾಲದೊಡನೆ ಹೋಲಿಸಬಹುದು. ಉಪ್ಪನ್ನು ಮೂರು ಪಾಲು ಮಾಡಿ, ಹನ್ನೆರಡು ಗಂಟೆಗಳಿಗೊಮ್ಮೆ ೧,೮೦೦ ಗ್ರಾಮಿನಂತೆ ಬೇರೆ ನೀರಿನಲ್ಲಿ ಕರಗಿಸಿ ಹಾಕಬೇಕು. ಬಿಸಿಲಿಗೆ ನೀರು ಆವಿಯಾಗುತ್ತದೆ, ಉಪ್ಪು ಆವಿಯಾಗುವುದಿಲ್ಲ. ಆದುದರಿಂದ ಆರಿದ ನೀರನ್ನು ತುಂಬಿಸುವಾಗ ಮತ್ತೆ ಉಪ್ಪು ಹಾಕಬಾರದು. ನೀರನ್ನು ತೆಗೆದು ಬದಲಾಯಿಸಿದಾಗ ಮಾತ್ರ, ತೆಗೆದಷ್ಟಕ್ಕೆ ಹಾಕಬೇಕು. ಜಲಸಸ್ಯಗಳಿಗೆ ಇಷ್ಟು ಉಪ್ಪು ಒಗ್ಗದೆ ಹೋಗಬಹುದಾದುದರಿಂದ ಅವನ್ನು ಮೊದಲೇ ಬೇರೆಡೆಗೆ ಸಾಗಿಸುವುದು ಲೇಸು.

ತಲೆಕೆಳಗಾದ ಮೀನು

ಕೆಲವು ವೇಳೆ ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದರೂ ಜೀವಂತವಾಗಿರುತ್ತದೆ. ಇದು ಆರ್ಕಿಮಿಡೀಸನ ತತ್ತ್ವಕ್ಕೆ ಸೇರಿದ ಕಾಯಿಲೆ. ಮೀನಿನ ಮಾಂಸ, ಮೂಳೆಗಳು ನೀರಿಗಿಂತ ಭಾರ. ಅದನ್ನು ಸರಿದೂಗಿಸಲು ಒಡಲಿನಲ್ಲಿ ಗಾಳಿಚೀಲವಿದೆ. ನೂರು ಘನ ಸೆಂಟಿಮೀಟರು ಗಾತ್ರದ ಮೀನಿನಲ್ಲಿ ಸುಮಾರು ಏಳು ಘನ ಸೆಂಟಿಮೀಟರು ಗಾಳಿಯಿದ್ದರೆ ತೂಕವು ಸಮನಾಗುತ್ತದೆ. ಚಿನ್ನದ ಮೀನಿನಲ್ಲಿ ಈ ಚೀಲವು ಒಂದು ಸಣ್ಣ ನಾಳದ ಮೂಲಕ ಅನ್ನನಾಳಕ್ಕೆ ಸೇರಿದೆ. ದುಂಡುಮೈಯ ತಳಿಗಳಲ್ಲಿ ಕರುಳೂ ಚೀಲವೂ ಇಕ್ಕಟ್ಟಿನಲ್ಲಿರುವುದರಿಂದ ಮಲಬದ್ಧತೆಯಾದರೂ ಸಮತೋಲ ಕೆಡಬಹುದು. ಎರಡು ಮೂರು ದಿನ ಉಪವಾಸವಿರಿಸಿ, ಅನಂತರ ಬೇಯಿಸಿ ಸಿಪ್ಪೆ ಸುಲಿದ ಬಟಾಣಿಯ ಚೂರುಗಳನ್ನು ಕೊಡುವುದು ಸಾಕುವವರ ರೂಢಿ. ಮುಳುಗುವ ಆಹಾರವನ್ನು ಕೊಟ್ಟರೆ ಮೇಲ್ಮೈಯ ಗಾಳಿಯನ್ನು ನುಂಗುವುದು ತಪ್ಪುತ್ತದೆ.

ಇನ್ನೊಂದು ಲಕ್ಷಣ ಗಂಭೀರವಾದುದು. ಹೊಟ್ಟೆ ಉಬ್ಬಿ, ಹುರುಪೆಗಳು ಅನಾನಸಿನ ಸಿಪ್ಪೆಯಂತೆ ನಿಗುರಿ ನಿಂತರೆ ಮೂತ್ರಪಿಂಡಗಳು ಸೋತು ದೇಹದಲ್ಲಿ ನೀರು ತುಂಬಿದೆಯೆಂದು ಅರ್ಥ. ಅಂತಹ ಮೀನನ್ನು ಕೂಡಲೇ ಬೇರೆ ತೊಟ್ಟಿಗೆ ಸಾಗಿಸಿ ಪಶುವೈದ್ಯರ ಅಥವಾ ಮೀನುಗಾರಿಕೆಯ ತಜ್ಞರ ಸಲಹೆ ಪಡೆಯಬೇಕು. ಬಹುಪಾಲು ಮೀನುಗಳು ಈ ಸ್ಥಿತಿಯಿಂದ ಚೇತರಿಸಿಕೊಳ್ಳುವುದಿಲ್ಲವೆಂಬುದನ್ನು ಮರೆಮಾಚುವಂತಿಲ್ಲ.

ಯಾವ ಸ್ಥಿತಿಯಲ್ಲಿಯೂ ಮಾಡಬಾರದ ಕೆಲಸ ಒಂದಿದೆ. ಕಾಯಿಲೆಯ ಮೀನನ್ನು ಕೊಲ್ಲಲಾರದೆ, ಸಾಕಲಾರದೆ, ಊರಿನ ಕೆರೆಗೆ ಬಿಟ್ಟು ಬರುವವರಿದ್ದಾರೆ. ದಯೆಯೆಂದು ತೋರುವ ಈ ಕಾರ್ಯವು ತೊಟ್ಟಿಯ ರೋಗವನ್ನು ಕೆರೆಯ ಮೀನುಗಳಿಗೆಲ್ಲ ಹಂಚಬಹುದು. ಮೀನು ಬದುಕಿ ಉಳಿದರೂ ಕೆಸರನ್ನು ಕೆದಕಿ ನೀರನ್ನು ಬಗ್ಗಡಮಾಡುವ ಪರದೇಶದ ಜೀವಿಯೊಂದು ಅಲ್ಲಿ ಬೀಡುಬಿಟ್ಟಂತಾಗುತ್ತದೆ.

ನೀರನ್ನು ಮೊದಲು, ಮೈಯನ್ನು ಅನಂತರ, ಔಷಧವನ್ನು ಕೊನೆಗೆ ಎಂಬ ಕ್ರಮವನ್ನು ಪಾಲಿಸಿದರೆ ಹಿತ್ತಿಲಿನ ಎಷ್ಟೋ ಮೀನುಗಳು ಉಳಿಯುತ್ತವೆ. ಒಮ್ಮೆಗೆ ಒಂದೇ ಬದಲಾವಣೆಯನ್ನು ಮಾಡಿ, ಅದರ ಫಲವನ್ನು ಗಮನಿಸಿ, ದಿನಾಂಕದೊಡನೆ ಪುಸ್ತಕದಲ್ಲಿ ಬರೆದಿಡಬೇಕು. ನಾಲ್ಕು ಔಷಧಗಳನ್ನು ಒಟ್ಟಿಗೆ ಸುರಿದವನಿಗೆ ಮೀನು ಬದುಕಿದರೂ ಏನೂ ತಿಳಿಯದು, ಸತ್ತರೂ ಏನೂ ತಿಳಿಯದು. ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗಳು ಪಾಲಿಸುವ ನಿಯಮವೂ ಇದೇ. ಇಲ್ಲಿ ಅದಕ್ಕೆ ಒಂದು ಜೀವ ಕಾಯುತ್ತಿದೆ, ಅಷ್ಟೇ ವ್ಯತ್ಯಾಸ.