ಕಪಟಪಂದ್ಯವೂ ಆಜೀವ ಬಹಿಷ್ಕಾರವೂ

ಆಟವೆಲ್ಲಿರುವುದೋ ಅಲ್ಲಿ ಪಣವೂ, ಪಣವೆಲ್ಲಿರುವುದೋ ಅಲ್ಲಿ ಕಪಟವೂ ಹಿಂಬಾಲಿಸಿ ಬರುವುದು ಬಹು ಪ್ರಾಚೀನವಾದ ಸಂಗತಿ. ಮೈಸೂರಿನ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಬೆಳಕಿಗೆ ತಂದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಮೂರನೆಯ ಅಧಿಕರಣದ ಕಡೆಯ ಅಧ್ಯಾಯವು ದ್ಯೂತಾಧ್ಯಕ್ಷನ ಮೇಲ್ವಿಚಾರಣೆಯನ್ನೂ, ಕಪಟದಿಂದ ಆಡಿದವನಿಗೆ ವಿಧಿಸತಕ್ಕ ದಂಡವನ್ನೂ, ಅವನು ಗೆದ್ದ ಧನವನ್ನು ಕಸಿದುಕೊಳ್ಳತಕ್ಕ ಕ್ರಮವನ್ನೂ ವಿವರಿಸುತ್ತದೆ. ತಪ್ಪಿಗೆ ದಂಡವಿರಬೇಕೆಂಬುದರಲ್ಲಿ ಅಂದಿಗೂ ಇಂದಿಗೂ ಭಿನ್ನಾಭಿಪ್ರಾಯವಿಲ್ಲ. ದಂಡವನ್ನು ತೆತ್ತವನು ಮತ್ತೆ ಆಟದ ಅಂಗಳಕ್ಕೆ ಬರಬಹುದೇ ಎಂಬುದು ಮಾತ್ರ ಬೇರೆಯ ಪ್ರಶ್ನೆ. ಇ-ಸ್ಪೋರ್ಟ್ಸ್ ಎಂದು ಲೋಕದಲ್ಲಿ ರೂಢವಾಗಿರುವ ಗಣಕಕ್ರೀಡೆಗಳಲ್ಲಿ ಈ ಪ್ರಶ್ನೆಯು ಹದಿನೈದು ವರ್ಷಗಳಿಗೂ ಮಿಕ್ಕು ವಿವಾದಾಸ್ಪದವಾಗಿ ಉಳಿದಿದೆ.

ಮೊದಲು ದೋಷದ ಸ್ವರೂಪವನ್ನು ನಿರ್ಣಯಿಸಿಕೊಳ್ಳುವುದು ಅವಶ್ಯಕ. ಗಣಕಕ್ರೀಡೆಯಲ್ಲಿ ವಂಚನೆ ಎರಡು ಬಗೆಯದು. ನಿಷಿದ್ಧ ತಂತ್ರಾಂಶದ ನೆರವಿನಿಂದ ಗೋಡೆಯಾಚೆಯ ಎದುರಾಳಿಯನ್ನು ಕಾಣುವುದೋ ಗುರಿಯನ್ನು ತಪ್ಪದಂತೆ ಹೊಡೆಯುವುದೋ ಒಂದು ಬಗೆ. ಇದು ಗೆಲ್ಲುವುದಕ್ಕಾಗಿ ಮಾಡುವ ವಂಚನೆ. ಹಣ ಪಡೆದೋ, ತಾನೇ ಎದುರು ಪಕ್ಷದ ಮೇಲೆ ಬಾಜಿ ಕಟ್ಟಿಯೋ ಬೇಕೆಂದು ಸೋಲುವುದು ಎರಡನೆಯದು. ಮ್ಯಾಚ್ ಫಿಕ್ಸಿಂಗ್ ಎಂಬ ಹೆಸರು ಇದಕ್ಕೆ ಸಲ್ಲುತ್ತದೆ. ಮೊದಲನೆಯದರಲ್ಲಿ ಕೆಡುವುದು ಎದುರಾಳಿಯ ನ್ಯಾಯವಾದ ಗೆಲುವು. ಎರಡನೆಯದರಲ್ಲಿ ಕೆಡುವುದು ಸ್ಪರ್ಧೆಯೇ. ಏಕೆಂದರೆ ಇಬ್ಬರೂ ಗೆಲ್ಲಲು ಯತ್ನಿಸುತ್ತಿದ್ದಾರೆಂಬ ನಂಬಿಕೆಯೊಂದರ ಮೇಲೆಯೇ ಪಂದ್ಯವೆಂಬುದು ನಿಂತಿರುತ್ತದೆ. ಇದರಿಂದಲೇ ಎರಡನೆಯ ದೋಷವನ್ನು ಎಲ್ಲ ಕ್ರೀಡೆಗಳೂ ಘನತರವೆಂದು ಎಣಿಸಿರುವುದು.

ಈ ದೋಷಕ್ಕೆ ಗಣಕಕ್ರೀಡೆಯಲ್ಲಿ ಎಡೆ ಹೆಚ್ಚು. ಆಟಗಾರರಲ್ಲಿ ಬಹುಮಂದಿ ಹದಿನಾರು ಹದಿನೇಳರ ಪ್ರಾಯದಲ್ಲೇ ಈ ವೃತ್ತಿಗೆ ಇಳಿಯುವವರು. ಮೇಲಿನ ಕೆಲವೇ ತಂಡಗಳನ್ನು ಬಿಟ್ಟರೆ ಉಳಿದವರ ಸಂಬಳ ಅಲ್ಪ. ಸಣ್ಣ ಪಂದ್ಯಾವಳಿಗಳು ಆಟಗಾರರು ತಂತಮ್ಮ ಮನೆಗಳಲ್ಲಿ ಕುಳಿತಿರುವಾಗಲೇ ಅಂತರ್ಜಾಲದ ಮೂಲಕ ನಡೆದುಹೋಗುತ್ತವೆ. ಅರೆಕ್ಷಣದ ವಿಳಂಬವು ನಿಜವಾದ ತಪ್ಪೋ ನಟಿಸಿದ ತಪ್ಪೋ ಎಂಬುದನ್ನು ನೋಡಿ ನಿರ್ಧರಿಸುವುದು ದುಸ್ಸಾಧ್ಯ. ಇದರ ಮೇಲೆ, ಕೌಂಟರ್-ಸ್ಟ್ರೈಕ್ ಎಂಬ ಆಟದಲ್ಲಿ ೨೦೧೩ರಿಂದ ಆಯುಧಗಳಿಗೆ ಹೊದಿಸುವ ಅಲಂಕಾರಗಳು ಬಂದವು. ಸ್ಕಿನ್ ಎಂದು ಕರೆಯಲ್ಪಡುವ ಈ ವಸ್ತುಗಳಿಗೆ ಪೇಟೆಯಲ್ಲಿ ನಿಜವಾದ ಬೆಲೆಯುಂಟಾಗಿ, ಅವೇ ನಾಣ್ಯದಂತೆ ಬಾಜಿಯ ಪಣವಾಗಿ ಚಲಾವಣೆಗೊಂಡವು. ಜೂಜಿನ ಕಾನೂನುಗಳ ಕಣ್ಣಿಗೆ ಬೀಳದ ಜೂಜುಕಟ್ಟೆ ಹೀಗೆ ಬಾಲಕರ ಕೈಗೆ ಎಟುಕುವಂತಾಯಿತು.

ದಂಡನೆಯ ಇತಿಹಾಸವು ದಕ್ಷಿಣ ಕೊರಿಯಾದಲ್ಲಿ ಆರಂಭವಾಗುತ್ತದೆ. ಸ್ಟಾರ್‌ಕ್ರಾಫ್ಟ್ ಎಂಬ ಆಟವು ಆ ದೇಶದಲ್ಲಿ ದೂರದರ್ಶನದ ಜನಪ್ರಿಯ ಕ್ರೀಡೆಯಾಗಿದ್ದಾಗ, ೨೦೧೦ರಲ್ಲಿ, ಬಾಜಿದಾರರಿಂದ ಹಣ ಪಡೆದು ಪಂದ್ಯಗಳನ್ನು ಸೋತ ಸಂಗತಿ ಹೊರಬಿದ್ದಿತು. ಸೇವಿಯರ್ ಎಂಬ ಆಟದ ಹೆಸರಿನಿಂದ ಪ್ರಸಿದ್ಧನಾಗಿದ್ದ ಮಾ ಜೆ-ಯೂನ್ ಸಹಿತವಾಗಿ ಹನ್ನೊಂದು ಮಂದಿಯನ್ನು ಕೊರಿಯಾದ ಇ-ಸ್ಪೋರ್ಟ್ಸ್ ಸಂಘವು ಆಜೀವವಾಗಿ ಬಹಿಷ್ಕರಿಸಿತು. ನ್ಯಾಯಾಲಯವು ಮಾ ಜೆ-ಯೂನನಿಗೆ ಒಂದು ವರ್ಷದ ಸೆರೆವಾಸವನ್ನು ವಿಧಿಸಿ, ಅದನ್ನು ಎರಡು ವರ್ಷಗಳ ಕಾಲ ಅಮಾನತಿನಲ್ಲಿಟ್ಟು, ೧೨೦ ಗಂಟೆಗಳ ಸಮಾಜಸೇವೆಯನ್ನು ಆಜ್ಞಾಪಿಸಿತು. ಇಲ್ಲಿ ಗಮನಿಸತಕ್ಕ ಅಂಶವೊಂದಿದೆ: ರಾಜ್ಯದ ದಂಡನೆಗೆ ಅವಧಿಯಿದ್ದಿತು, ಸಂಘದ ದಂಡನೆಗೆ ಅವಧಿಯಿರಲಿಲ್ಲ.

ಇದಕ್ಕೆ ವಿರುದ್ಧವಾದ ನಿದರ್ಶನವು ರಷ್ಯಾದ್ದು. ಡೋಟಾ ೨ ಎಂಬ ಆಟದಲ್ಲಿ ಸೋಲೋ ಎಂಬ ಹೆಸರಿನಿಂದ ಆಡುತ್ತಿದ್ದ ಅಲೆಕ್ಸೇಯ್ ಬೆರೆಜಿನ್ ೨೦೧೩ರಲ್ಲಿ ತನ್ನ ತಂಡದ ಸೋಲಿನ ಮೇಲೆ ತಾನೇ ಬಾಜಿ ಕಟ್ಟಿದನು. ಅವನಿಗೆ ಬರತಕ್ಕದ್ದಾಗಿದ್ದ ಮೊತ್ತ ೩೨೨ ಡಾಲರು. ಪಂದ್ಯಾವಳಿಯವರು ಮೊದಲು ಆಜೀವ ಬಹಿಷ್ಕಾರವನ್ನು ಘೋಷಿಸಿ, ಬಳಿಕ ಅದನ್ನು ಒಂದು ವರ್ಷಕ್ಕೆ ಇಳಿಸಿದರು. ಮರಳಿ ಬಂದ ಬೆರೆಜಿನ್ ಮುಂದೆ ವಿರ್ಟಸ್.ಪ್ರೊ ತಂಡದ ನಾಯಕನಾಗಿ, ೨೦೧೮ರ ಬುಕಾರೆಸ್ಟ್ ಮೇಜರ್ ಮೊದಲಾದ ಪಂದ್ಯಾವಳಿಗಳನ್ನು ಗೆದ್ದುಕೊಟ್ಟನು. ಹಾಗೆಂದು ಅವನ ತಪ್ಪು ಮರೆತುಹೋಗಲಿಲ್ಲ. ೩೨೨ ಎಂಬ ಅಂಕಿಯು ಆ ಆಟದ ಪ್ರೇಕ್ಷಕರಲ್ಲಿ ಬೇಕೆಂದು ಸೋಲುವುದಕ್ಕೆ ಪರ್ಯಾಯಪದವಾಗಿ ನಿಂತಿತು. ಅಂಗಳಕ್ಕೆ ಮರಳಿದವನೂ ಅಪಕೀರ್ತಿಯನ್ನು ಹೊತ್ತೇ ಆಡಬೇಕಾಗುತ್ತದೆಂಬುದಕ್ಕೆ ಇದು ಸಾಕ್ಷಿ.

ಮೂರನೆಯ ನಿದರ್ಶನವು ಅಮೆರಿಕದ ಐಬೈಪವರ್ ತಂಡದ್ದು. ೨೦೧೪ರ ಆಗಸ್ಟಿನಲ್ಲಿ ಕೌಂಟರ್-ಸ್ಟ್ರೈಕ್ ಆಟದ ಈ ಪ್ರಬಲ ತಂಡವು ತನಗಿಂತ ದುರ್ಬಲವಾದ ನೆಟ್‌ಕೋಡ್‌ಗೈಡ್ಸ್ ತಂಡಕ್ಕೆ ೧೬-೪ರಿಂದ ಸೋತಿತು. ಪತ್ರಕರ್ತ ರಿಚರ್ಡ್ ಲೂಯಿಸ್ ೨೦೧೫ರ ಜನವರಿಯಲ್ಲಿ ಸಾಕ್ಷ್ಯಗಳನ್ನು ಪ್ರಕಟಿಸಿದನು. ಬೆಲೆಬಾಳುವ ಸ್ಕಿನ್‌ಗಳು ಕೈಮಾರಿದುದು ಗೊತ್ತಾಗಿ, ಆಟದ ಒಡೆತನವುಳ್ಳ ವಾಲ್ವ್ ಸಂಸ್ಥೆಯು ಆ ತಂಡದ ನಾಲ್ವರೂ ಸೇರಿದಂತೆ ಏಳು ಮಂದಿಯನ್ನು ಬಹಿಷ್ಕರಿಸಿತು. ತಂಡದ ಐದನೆಯವನು ಯಾವ ವಸ್ತುವನ್ನೂ ಪಡೆಯದಿದ್ದುದರಿಂದ ಪಾರಾದನು. ೨೦೧೬ರ ಜನವರಿಯಲ್ಲಿ ಈ ಬಹಿಷ್ಕಾರವು ಶಾಶ್ವತವೆಂದು ಸಂಸ್ಥೆಯು ಸಾರಿತು. ಪಂದ್ಯವಾಡಿದಾಗ ಆ ನಾಲ್ವರಲ್ಲೊಬ್ಬನಿಗೆ ಹದಿನೆಂಟು ವರ್ಷ ಇನ್ನೂ ತುಂಬಿರಲಿಲ್ಲ. ೨೦೧೭ರಲ್ಲಿ ಇಎಸ್‌ಎಲ್, ಡ್ರೀಮ್‌ಹ್ಯಾಕ್ ಎಂಬ ವ್ಯವಸ್ಥಾಪಕರು ತಂತಮ್ಮ ಪಂದ್ಯಾವಳಿಗಳ ಮಟ್ಟಿಗೆ ನಿಷೇಧವನ್ನು ತೆಗೆದರು. ವಾಲ್ವ್ ಪ್ರಾಯೋಜಿಸುವ ಮಹಾಪಂದ್ಯಗಳು ಆಗಲೂ ಅವರಿಗೆ ಮುಚ್ಚಿಯೇ ಇದ್ದವು. ೨೦೨೦ರಲ್ಲಿ ರಯಟ್ ಸಂಸ್ಥೆಯ ವ್ಯಾಲರೆಂಟ್ ಆಟವು ಹೊರಬಂದೊಡನೆ ಇವರು ಅದರತ್ತ ತಿರುಗಿದರು. ಸ್ಟೀಲ್ ಎಂಬ ಹೆಸರಿನ ಜೋಶುವಾ ನಿಸಾನ್ ಅದೇ ವರ್ಷದ ಡಿಸೆಂಬರಿನಲ್ಲಿ ಹಂಡ್ರೆಡ್ ಥೀವ್ಸ್ ತಂಡದಲ್ಲಿದ್ದುಕೊಂಡು ಉತ್ತರ ಅಮೆರಿಕದ ಪ್ರಥಮ ಪ್ರಶಸ್ತಿಯನ್ನು ಗೆದ್ದನು.

ಆಜೀವ ಬಹಿಷ್ಕಾರದ ಪಕ್ಷದವರು ಮುಖ್ಯವಾಗಿ ಮೂರು ಹೇತುಗಳನ್ನು ಮುಂದಿಡುತ್ತಾರೆ. ಕಪಟಪಂದ್ಯವು ಪತ್ತೆಯಾಗುವುದು ವಿರಳವಾದುದರಿಂದ, ಪತ್ತೆಯಾದಾಗಿನ ದಂಡವು ಅತ್ಯುಗ್ರವಾಗಿದ್ದರೆ ಮಾತ್ರ ಭಯ ಹುಟ್ಟುವುದೆಂಬುದು ಒಂದು. ಪ್ರೇಕ್ಷಕರ ನಂಬಿಕೆ ಒಮ್ಮೆ ಕೆಟ್ಟರೆ ಕ್ರೀಡೆಯೇ ಉಳಿಯದೆಂಬುದು ಎರಡು. ತಪ್ಪಿತಸ್ಥನಿಗೆ ಕೊಡುವ ಪ್ರತಿಯೊಂದು ಸ್ಥಾನವೂ ಪ್ರಾಮಾಣಿಕನಾದ ಇನ್ನೊಬ್ಬ ಯುವಕನಿಂದ ಕಿತ್ತುಕೊಂಡದ್ದೆಂಬುದು ಮೂರು. ಇವು ಲಘುವಾದ ವಾದಗಳಲ್ಲ; ಮೂರನೆಯದಂತೂ ನ್ಯಾಯದ ಮರ್ಮವನ್ನೇ ಮುಟ್ಟುವಂಥದು.

ಆದರೆ ಮೊದಲನೆಯ ಹೇತುವನ್ನು ಅನುಭವವು ಸಮರ್ಥಿಸುವುದಿಲ್ಲ. ೨೦೧೦ರ ಹನ್ನೊಂದು ಆಜೀವ ಬಹಿಷ್ಕಾರಗಳು ಕೊರಿಯಾದ ಪ್ರತಿಯೊಬ್ಬ ಆಟಗಾರನಿಗೂ ತಿಳಿದಿದ್ದವು. ಹಾಗಿದ್ದೂ ೨೦೧೫ರಲ್ಲಿ ಸ್ಟಾರ್‌ಕ್ರಾಫ್ಟ್ ೨ ಆಟದಲ್ಲಿ ಅದೇ ಅಪರಾಧವು ಮತ್ತೆ ತಲೆದೋರಿ, ಒಂದು ತಂಡದ ತರಬೇತುದಾರನೇ ಬಂಧಿತನಾದನು. ೨೦೧೪ರ ವಿಶ್ವವಿಜೇತನಾಗಿದ್ದ ಲೈಫ್ ಎಂಬ ಹೆಸರಿನ ಲೀ ಸಿಯುಂಗ್-ಹ್ಯೂನ್ ಎರಡು ಪಂದ್ಯಗಳನ್ನು ಸೋಲುವುದಕ್ಕಾಗಿ ೭ ಕೋಟಿ ವೋನ್ ಪಡೆದನೆಂದು ನಿರ್ಣಯವಾಗಿ, ೨೦೧೬ರಲ್ಲಿ ಹದಿನೆಂಟು ತಿಂಗಳ ಅಮಾನತು ಸೆರೆವಾಸಕ್ಕೂ ಅಷ್ಟೇ ಮೊತ್ತದ ದಂಡಕ್ಕೂ ಗುರಿಯಾದನು. ದಂಡದ ಉಗ್ರತೆಗಿಂತಲೂ ಅದರ ನಿಶ್ಚಿತತೆಯೇ ಮನುಷ್ಯನನ್ನು ತಡೆಯುವುದೆಂಬ ದಂಡನೀತಿಯ ಹಳೆಯ ತತ್ತ್ವ ಇಲ್ಲಿಯೂ ನಿಜವಾಯಿತು. ಸಿಕ್ಕಿಬೀಳೆನೆಂದು ಎಣಿಸಿದವನಿಗೆ ಐದು ವರ್ಷವೂ ಒಂದೇ, ಐವತ್ತು ವರ್ಷವೂ ಒಂದೇ. ಅಷ್ಟೇ ಅಲ್ಲ, ಒಪ್ಪಿಕೊಂಡವನಿಗೂ ಅಡಗಿಸಿದವನಿಗೂ ಒಂದೇ ದಂಡವೆಂದಾದರೆ ಒಳಗಿನಿಂದ ಸತ್ಯ ನುಡಿಯುವವರೇ ಇಲ್ಲವಾಗುವರು. ಪತ್ತೆಯು ಇನ್ನಷ್ಟು ವಿರಳವಾಗುವುದು.

ತಪ್ಪಿತಸ್ಥರೆಲ್ಲರೂ ಸಮಾನರೆಂಬ ಎಣಿಕೆಯೂ ಸರಿಯಲ್ಲ. ೨೦೧೪ರಲ್ಲಿ ಕೊರಿಯಾದ ತರುಣ ಆಟಗಾರನೊಬ್ಬನು, ತಂಡದ ವ್ಯವಸ್ಥಾಪಕನೇ ಬಾಜಿಗಾಗಿ ಸೋಲಲು ಒತ್ತಾಯಿಸಿದನೆಂದು ಬರೆದಿಟ್ಟು ಪ್ರಾಣತ್ಯಾಗಕ್ಕೆ ಯತ್ನಿಸಿ, ದೈವವಶದಿಂದ ಬದುಕುಳಿದನು. ಒಡೆಯನ ಬಲಾತ್ಕಾರಕ್ಕೆ ಸಿಕ್ಕಿದ ಹುಡುಗನನ್ನೂ, ಕೀರ್ತಿಯ ಶಿಖರದಲ್ಲಿದ್ದು ಧನಲೋಭಕ್ಕೆ ಬಿದ್ದ ವಿಜೇತನನ್ನೂ, ಜಾಲವನ್ನೇ ಹೆಣೆದ ಮಧ್ಯವರ್ತಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವೆನಿಸದು. ಇದಲ್ಲದೆ ಈ ವೃತ್ತಿಯ ಆಯುಷ್ಯವೇ ಕಿರಿದು. ಹಲವರು ಇಪ್ಪತ್ತೈದರ ಆಸುಪಾಸಿನಲ್ಲೇ ನಿವೃತ್ತರಾಗುತ್ತಾರೆ. ಆದುದರಿಂದ ಐದು ವರ್ಷಗಳ ನಿಷೇಧವೂ ಇಲ್ಲಿ ಹಗುರವಾದ ದಂಡನೆಯಲ್ಲ. ೨೦೧೬ರಲ್ಲಿ ಸ್ಥಾಪಿತವಾದ ಇ-ಸ್ಪೋರ್ಟ್ಸ್ ಇಂಟೆಗ್ರಿಟಿ ಕೊಯೆಲಿಷನ್ ಎಂಬ ಸಂಸ್ಥೆಯು ಮರುವರ್ಷ ಸೂಚಿಸಿದ ದಂಡಕ್ರಮದಲ್ಲಿ ಕಪಟಪಂದ್ಯಕ್ಕೆ ಐದು ವರ್ಷಗಳನ್ನು ಗೊತ್ತುಮಾಡಿ, ದೋಷವನ್ನು ಲಘುಗೊಳಿಸುವ ಕಾರಣಗಳಿಗೆ ಎಡೆಯಿಟ್ಟದ್ದು ಈ ವಿವೇಚನೆಗೆ ಅನುಗುಣವಾಗಿದೆ.

ಇನ್ನೊಂದು ವಿಶೇಷವು ಗಣಕಕ್ರೀಡೆಗೆ ಮಾತ್ರ ಸಂಬಂಧಿಸಿದುದು. ಕ್ರಿಕೆಟ್ಟಿಗೆ ಒಡೆಯನಿಲ್ಲ, ಗಣಕಕ್ರೀಡೆಗೆ ಒಡೆಯನಿದ್ದಾನೆ. ಆಟವನ್ನು ನಿರ್ಮಿಸಿದ ಸಂಸ್ಥೆಯೇ ನಿಯಮವನ್ನು ರಚಿಸುತ್ತದೆ, ವಿಚಾರಣೆ ನಡೆಸುತ್ತದೆ, ತೀರ್ಪನ್ನಿತ್ತು ಜಾರಿಗೆ ತರುತ್ತದೆ. ಐಬೈಪವರ್ ಆಟಗಾರರು ಒಂದು ಆಟದಲ್ಲಿ ಬಹಿಷ್ಕೃತರಾಗಿಯೂ ಮತ್ತೊಂದರಲ್ಲಿ ಪ್ರಶಸ್ತಿವಿಜೇತರಾದದ್ದು ಈ ಏರ್ಪಾಡಿನ ಫಲ. ಅವರಿಗೆ ಎರಡನೆಯ ಅವಕಾಶ ದೊರೆತುದು ವಿಚಾರಣೆಯಿಂದಲ್ಲ, ಆಕಸ್ಮಿಕದಿಂದ. ಮೇಲ್ಮನವಿಯಿಲ್ಲದ ಶಾಶ್ವತ ದಂಡವು ನ್ಯಾಯದ ಮುಂದೆ ನಿಲ್ಲುವುದು ಕಷ್ಟವೆಂಬುದಕ್ಕೆ ಕ್ರಿಕೆಟ್ಟಿನಲ್ಲಿಯೇ ಆಧಾರವಿದೆ: ಮಹಮ್ಮದ್ ಅಜರುದ್ದೀನರ ಮೇಲೆ ೨೦೦೦ದಲ್ಲಿ ವಿಧಿಸಿದ್ದ ಆಜೀವ ನಿಷೇಧವನ್ನು ೨೦೧೨ರಲ್ಲಿ ಆಂಧ್ರಪ್ರದೇಶದ ಉಚ್ಚ ನ್ಯಾಯಾಲಯವು ಕಾನೂನಿಗೆ ಸಮ್ಮತವಲ್ಲವೆಂದು ತಳ್ಳಿಹಾಕಿತು.

ಕರ್ಣಾಟಕಕ್ಕೂ ಈ ವಿಚಾರವು ದೂರದ್ದಲ್ಲ. ೨೦೧೯ರಲ್ಲಿ ಕರ್ನಾಟಕ ಪ್ರೀಮಿಯರ್ ಲೀಗ್ ಕ್ರಿಕೆಟ್ಟಿನ ಕಪಟಪಂದ್ಯಗಳ ಆರೋಪದ ಮೇಲೆ ಬೆಂಗಳೂರಿನ ಪೊಲೀಸರು ಆಟಗಾರರನ್ನು ಬಂಧಿಸಿದರು. ೨೦೨೨ರ ಜನವರಿಯಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವು, ಇಂಥ ಕೃತ್ಯವು ಭಾರತ ದಂಡಸಂಹಿತೆಯ ೪೨೦ನೆಯ ಪ್ರಕರಣದ ವಂಚನೆಯೆನಿಸದೆಂದೂ, ಪ್ರೇಕ್ಷಕರು ಟಿಕೆಟ್ಟನ್ನು ಸ್ವೇಚ್ಛೆಯಿಂದಲೇ ಕೊಳ್ಳುತ್ತಾರೆಂದೂ, ಶಿಸ್ತುಕ್ರಮವು ಕ್ರೀಡಾಸಂಸ್ಥೆಗೆ ಸೇರಿದುದೆಂದೂ ನಿರ್ಣಯಿಸಿತು. ಭಾರತ ಸರ್ಕಾರವು ೨೦೨೨ರ ಡಿಸೆಂಬರಿನಲ್ಲಿ ಗಣಕಕ್ರೀಡೆಗೆ ಬಹುಕ್ರೀಡಾಕೂಟಗಳ ಅಂಗವೆಂಬ ಮಾನ್ಯತೆಯನ್ನಿತ್ತಿತು. ಈ ಎರಡನ್ನೂ ಕೂಡಿಸಿ ನೋಡಿದರೆ, ದಂಡಿಸುವ ಹೊಣೆಯೂ ಕ್ಷಮಿಸುವ ಹೊಣೆಯೂ ಬಹುಮಟ್ಟಿಗೆ ಕ್ರೀಡಾಸಂಸ್ಥೆಗಳ ಮೇಲೆಯೇ ಬೀಳುವುದು ಸ್ಪಷ್ಟವಾಗುತ್ತದೆ. ಹೊಣೆ ದೊಡ್ಡದಾದಷ್ಟೂ ಕ್ರಮವು ಲಿಖಿತವಾಗಿರಬೇಕು.

ಹಾಗಾದರೆ ಪ್ರತಿಪಕ್ಷದ ಉಳಿದ ಎರಡು ಹೇತುಗಳಿಗೆ ಸಮಾಧಾನವೇನು? ಪ್ರೇಕ್ಷಕರ ನಂಬಿಕೆಯು ತಪ್ಪಿತಸ್ಥನ ಅದರ್ಶನದಿಂದ ಮರಳುವುದಕ್ಕಿಂತ, ಬಹಿರಂಗವಾದ ವಿಚಾರಣೆಯಿಂದಲೂ ಆತನ ನಡತೆಯ ನಿಗಾವಣೆಯಿಂದಲೂ ಮರಳುವುದು. ೨೦೧೦ರಲ್ಲಿ ಲಾರ್ಡ್ಸ್ ಮೈದಾನದಲ್ಲಿ ಹದಿನೆಂಟರ ಹರೆಯದಲ್ಲಿ ತಪ್ಪಿದ ಪಾಕಿಸ್ತಾನದ ಮಹಮ್ಮದ್ ಆಮಿರ್ ಐದು ವರ್ಷಗಳ ನಿಷೇಧವನ್ನು ಕಳೆದು ಬಂದು, ೨೦೧೭ರ ಚಾಂಪಿಯನ್ಸ್ ಟ್ರೋಫಿಯ ಅಂತಿಮ ಪಂದ್ಯದಲ್ಲಿ ಆಡಿದುದರಿಂದ ಕ್ರಿಕೆಟ್ಟು ನಾಶವಾಗಲಿಲ್ಲ. ಪ್ರಾಮಾಣಿಕ ಯುವಕನ ಸ್ಥಾನದ ವಿಚಾರದಲ್ಲಿ ಮಾತ್ರ ಆಕ್ಷೇಪವನ್ನು ಅಂಶತಃ ಒಪ್ಪಲೇಬೇಕು. ಆ ಯುವಕನಿಗೆ ಸಲ್ಲತಕ್ಕ ನ್ಯಾಯವೆಂದರೆ, ತಪ್ಪಿತಸ್ಥನು ಪಡೆದ ಧನವನ್ನು ಪೂರ್ಣವಾಗಿ ಹಿಂದಿರುಗಿಸುವುದು, ನಿಷೇಧದ ಅವಧಿಯನ್ನು ಅನುಭವಿಸುವುದು, ಸತ್ಯವನ್ನು ಒಪ್ಪಿ ಜಾಲವನ್ನು ಬಯಲುಮಾಡುವುದು, ಮರಳಿದ ಮೇಲೆ ಕೆಳಗಿನ ಶ್ರೇಣಿಯಿಂದಲೇ ಏರಿಬರುವುದು. ಪುನಃ ತಪ್ಪಿದವನಿಗೂ, ಎಳೆಯರನ್ನು ತಪ್ಪಿಗೆಳೆದ ಹಿರಿಯನಿಗೂ ಆಜೀವ ಬಹಿಷ್ಕಾರವು ಯುಕ್ತವೇ.

ಧರ್ಮಶಾಸ್ತ್ರಕಾರರು ದಂಡವನ್ನೂ ಪ್ರಾಯಶ್ಚಿತ್ತವನ್ನೂ ಬೇರೆ ಬೇರೆಯಾಗಿ ಎಣಿಸಿದರು. ದಂಡವು ಸಮಾಜಕ್ಕೆ ಸಲ್ಲುವ ಋಣ. ಪ್ರಾಯಶ್ಚಿತ್ತವು ಮನುಷ್ಯನು ಮರಳಿ ಬರುವ ದಾರಿ. ಅವಧಿಯಿಲ್ಲದ ಬಹಿಷ್ಕಾರವು ಮೊದಲನೆಯದನ್ನು ಎಂದಿಗೂ ತೀರದಂತೆ ಮಾಡಿ ಎರಡನೆಯದನ್ನು ಮುಚ್ಚಿಬಿಡುತ್ತದೆ. ಹದಿನೇಳರ ಹುಡುಗನು ಒಂದು ರಾತ್ರಿಯ ಪಂದ್ಯದಲ್ಲಿ ಮಾಡಿದ ತಪ್ಪಿಗೆ ಆ ದಾರಿಯನ್ನು ತೆರೆದಿಡುವುದು ಕ್ರೀಡೆಯ ಮರ್ಯಾದೆಗೆ ಕುಂದಲ್ಲ. ಆ ದಾರಿಯಲ್ಲಿ ಕಾವಲಿಲ್ಲದಿರುವುದು ಮಾತ್ರ ಕುಂದು.