ಮಸಿಯ ಕಾಟ್ರಿಜ್ಜಿನ ಪುನರುಪಯೋಗ

ಮುಂಬಯಿಯ ಫೋರ್ಟಿನಲ್ಲಿ, ದಾದಾಭಾಯಿ ನವರೋಜಿ ರಸ್ತೆಯ ಆಸುಪಾಸಿನ ಅಂಗಡಿಗಳಲ್ಲಿ ಫೌಂಟನ್ ಪೆನ್ನನ್ನು ಕೊಂಡವರು, ಅದರೊಡನೆ ದೊರೆತ ಕಾಟ್ರಿಜ್ಜು ಬರಿದಾದೊಡನೆ ಕಸದ ಬುಟ್ಟಿಗೆ ಎಸೆದುಬಿಡುವುದುಂಟು. ಹಗಲಿಡೀ ಹೋಟೆಲುಗಳಲ್ಲಿ ದುಡಿದು, ಇರುಳಿನಲ್ಲಿ ಇದೇ ಫೋರ್ಟಿನ ಕನ್ನಡ ರಾತ್ರಿಶಾಲೆಗಳಲ್ಲಿ ವಿದ್ಯೆ ಗಳಿಸಿದ ನಮ್ಮ ಹಿರಿಯರು ಇಂತಹ ಅಪವ್ಯಯವನ್ನು ಮೆಚ್ಚುತ್ತಿರಲಿಲ್ಲವೆಂದು ನನ್ನ ಎಣಿಕೆ.

ಸುಮಾರು ಮುಕ್ಕಾಲು ಮಿಲಿಲೀಟರ್ ಮಸಿ ಹಿಡಿಯುವ ಆ ಕಿರುಗೊಳವೆಯನ್ನು, ಹೊರಬರುವ ನೀರು ನಿರ್ಮಲವಾಗುವವರೆಗೆ ತಣ್ಣೀರಿನಲ್ಲಿ ತೊಳೆದು ಆರಿಸಿರಿ. ಅನಂತರ ಸಿರಿಂಜಿಗೆ ಮೊಂಡು ಸೂಜಿಯನ್ನು ತೊಡಿಸಿ, ಮಸಿಯನ್ನು ಹೀರಿ, ಸೂಜಿಯ ತುದಿಯನ್ನು ಕಾಟ್ರಿಜ್ಜಿನ ತಳಕ್ಕೆ ಮುಟ್ಟಿಸಿ, ಒಳಗಿನ ಗಾಳಿಯು ಮೇಲೇರಿ ಹೋಗಲು ಅವಕಾಶವಿತ್ತು, ಕಂಠದಿಂದ ತುಸು ಕೆಳಗಿನವರೆಗೆ ಮೆಲ್ಲಮೆಲ್ಲನೆ ತುಂಬತಕ್ಕದ್ದು. ಅವಸರಪಟ್ಟರೆ ಅಂಗಿಯ ತೋಳೇ ಸಾಕ್ಷಿ ನುಡಿದೀತು.

1931ರಲ್ಲಿ ದಾಂಡೇಕರ್ ಸಹೋದರರು ಇದೇ ಮುಂಬಯಿಯಲ್ಲಿ ಮಸಿಯ ಪುಡಿ, ಗುಳಿಗೆಗಳಿಂದ ಆರಂಭಿಸಿದ ಉದ್ಯಮವೇ ಮುಂದೆ ಕ್ಯಾಮ್ಲಿನ್ ಎನಿಸಿತು. ಅದರ ಕ್ಯಾಮೆಲ್ ಮಸಿಯಂತಹ, ಫೌಂಟನ್ ಪೆನ್ನಿಗೆಂದೇ ತಯಾರಿಸಿದ ಮಸಿ ಯುಕ್ತ. ಚಿತ್ರಕಾರರ ಇಂಡಿಯನ್ ಇಂಕನ್ನು ಮಾತ್ರ ಎಂದಿಗೂ ತುಂಬಲಾಗದು: ಅದರ ಕಾಡಿಗೆಯ ಕಣಗಳೂ ಅರಗೂ ಒಣಗಿ, ನಿಬ್ಬಿನ ಹಿಂದಣ ಸೂಕ್ಷ್ಮನಾಳಗಳನ್ನು ಮುಚ್ಚಿಬಿಡುವುವು.

ಮಸಿಯನ್ನು ತಾನೇ ಹೀರಿಕೊಳ್ಳುವ ಕನ್ವರ್ಟರ್ ಇರುವಾಗ ಈ ಪ್ರಯಾಸವೇಕೆಂದು ಕೇಳುವವರಿದ್ದಾರೆ; ಆದರೆ ಗಿಡ್ಡ ಪೆನ್ನುಗಳು ಹಲವರಲ್ಲುಂಟು, ಅವುಗಳಲ್ಲಿ ಅದಕ್ಕೆ ಎಡೆಯಿರದು.

ಪುನಃ ಪುನಃ ಕಳಚಿ ಜೋಡಿಸುವುದರಿಂದ ಕಾಟ್ರಿಜ್ಜಿನ ಬಾಯಿ ಕ್ರಮೇಣ ಸಡಿಲಗೊಂಡು ಮಸಿ ಒಸರತೊಡಗುವುದು. ಆಗ ಅದನ್ನು ವಿಸರ್ಜಿಸಲೇಬೇಕು. ಪೆನ್ನನ್ನು ಕಿಸೆಗಿಟ್ಟು ಚರ್ಚ್‌ಗೇಟಿನಲ್ಲಿ ಲೋಕಲ್ ಹತ್ತುವ ಮುನ್ನ ಒಮ್ಮೆ ಪರೀಕ್ಷಿಸಿರಿ.