ಸಿಗ್ನಲ್ ಹೋದರೆ ದಾರಿಯೂ ಹೋದೀತೇ?

ಪ್ರಶ್ನೆ: ಬೊರಿವಲಿಯಿಂದ ಉಡುಪಿಗೆ ಕಾರಿನಲ್ಲಿ ಹೋಗುವಾಗ ಘಾಟಿಗಳಲ್ಲಿ ಮೊಬೈಲ್ ಸಿಗ್ನಲ್ ಕೈಕೊಡುತ್ತದೆ. ಪ್ರತ್ಯೇಕ ಜಿಪಿಎಸ್ ಸಾಧನ ಕೊಳ್ಳಬೇಕೇ?

ಉತ್ತರ: ಬೇಕಿಲ್ಲ. ಜಿಪಿಎಸ್‌ಗೆ ಇಂಟರ್‌ನೆಟ್ಟಿನ ಹಂಗಿಲ್ಲ. ಸುಮಾರು 20,200 ಕಿ.ಮೀ. ಎತ್ತರದ ಉಪಗ್ರಹಗಳು ಕಳಿಸುವ ಸಂಕೇತವನ್ನು ನಿಮ್ಮ ಫೋನು ಬರೀ ಕೇಳಿಸಿಕೊಳ್ಳುತ್ತದೆ. ನಾಲ್ಕು ಉಪಗ್ರಹ ಸಿಕ್ಕರೆ ತಾನೆಲ್ಲಿದ್ದೇನೆಂದು ಲೆಕ್ಕ ಹಾಕುತ್ತದೆ. ಅದಕ್ಕೇ ನಕ್ಷೆ ಮಾಯವಾದರೂ ನೀಲಿ ಚುಕ್ಕೆ ಓಡುತ್ತಿರುತ್ತದೆ. ಇಂಟರ್‌ನೆಟ್ ಬೇಕಿರುವುದು ನಕ್ಷೆಗೆ.

ಹಾಗಾಗಿ ಹೊರಡುವ ಹಿಂದಿನ ರಾತ್ರಿ ಮನೆಯ ವೈಫೈನಲ್ಲೇ ನಕ್ಷೆ ಇಳಿಸಿಕೊಳ್ಳಿ. ಗೂಗಲ್ ಮ್ಯಾಪ್ಸ್‌ನಲ್ಲಿ ಪನ್ವೇಲ್, ಚಿಪ್ಳೂಣ್, ಸಾವಂತವಾಡಿ, ಕಾರವಾರದ ಭಾಗಗಳನ್ನು ಆರಿಸಿ ಉಳಿಸಬಹುದು. ಓಪನ್‌ಸ್ಟ್ರೀಟ್‌ಮ್ಯಾಪ್ ಆಧರಿಸಿದ ಆರ್ಗ್ಯಾನಿಕ್ ಮ್ಯಾಪ್ಸ್, ಓಸ್ಮ್‌ಆಂಡ್ ಆ್ಯಪ್‌ಗಳಲ್ಲಿ ಇಡೀ ಪ್ರದೇಶದ ನಕ್ಷೆಯೇ ಸಿಗುತ್ತದೆ. ಎರಡು ಬಗೆಯವೂ ಇರಲಿ; ಒಂದು ತಪ್ಪಿದರೆ ಇನ್ನೊಂದು.

ಮಿತಿಗಳೂ ಇವೆ. ಸಿಗ್ನಲ್ ಇಲ್ಲದೆ ಟ್ರಾಫಿಕ್ ಮಾಹಿತಿ, ಘಾಟಿ ಕುಸಿದ ಸುದ್ದಿ ಬರುವುದಿಲ್ಲ. ಕಶೇಡಿ ಸುರಂಗದೊಳಗೆ ಉಪಗ್ರಹವೂ ಕಾಣದು. ಚಾರ್ಜರ್ ಮರೆಯಬೇಡಿ. ಆ್ಯಪ್ ‘ಹತ್ತಿರದ ದಾರಿ’ ಎಂದು ಕಾಡಿನ ಕಿರುರಸ್ತೆಗೆ ತಿರುಗಿಸಿದರೆ, ಮೊದಲು ಚಹಾ ಅಂಗಡಿಯಲ್ಲಿ ವಿಚಾರಿಸಿ: ಆ ನಕ್ಷೆ ಮಳೆಗಾಲದಲ್ಲೂ ಅಪ್‌ಡೇಟ್ ಆಗಿರುತ್ತದೆ!